ಭೂಪಟದ ಮೇಲೊಂದು ತಿಂಡಿ ತಟ್ಟೆ: ಹೈಸ್ಪೀಡ್ ರೈಲಿನ ಸ್ಟೇಷನ್ ಎಲ್ಲಿ ಬರಬೇಕು?

(ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನಿಂದ ಹಾಸನದ ಕಡೆಗೂ ಒಂದು ದಿನ ಹೈಸ್ಪೀಡ್ ರೈಲು ಬಂತು ಅಂತ ಇಟ್ಟುಕೊಳ್ಳಿ, ಸ್ಟೇಷನ್ ಎಲ್ಲಿರಬೇಕು? ಅದನ್ನು ನೋಡಲು ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು, ಹಾಸನ ಸುತ್ತಮುತ್ತಲಿನ ಸರ್ವೆ ನಕ್ಷೆ. ಅಳತೆ 1:50,000, ನಕ್ಷೆಯ ಮೇಲಿನ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಇನ್ನೊಂದು, ಹೋಟೆಲಿನಲ್ಲಿ ಇಡ್ಲಿ ಕೊಡುವ ಸ್ಟೀಲ್ ತಟ್ಟೆ. ಅಂಚಿನಿಂದ ಅಂಚಿಗೆ 24 ಸೆಂಟಿಮೀಟರ್. ಈಗ ತಟ್ಟೆಯನ್ನು ನಕ್ಷೆಯ ಮೇಲೆ ಬೋರಲು ಹಾಕುತ್ತೇನೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಮಾರ್ಗದಲ್ಲಿ ರೈಲು ಪೂರ್ತಿ ವೇಗದಲ್ಲಿ ಓಡುವ ಕಡೆ ತಿರುವಿನ ತ್ರಿಜ್ಯ 6 ಕಿಲೋಮೀಟರಿಗಿಂತ ಕಡಿಮೆ ಇರಕೂಡದು. ಆರು ಕಿಲೋಮೀಟರ್ ಅಂದರೆ ಈ ನಕ್ಷೆಯಲ್ಲಿ 12 ಸೆಂಟಿಮೀಟರ್, ತಟ್ಟೆಯ ನಟ್ಟನಡುವಿನಿಂದ ಅಂಚಿನವರೆಗೆ. ಹಾಗಾಗಿ ಹೈಸ್ಪೀಡ್ ಹಳಿ ಎಲ್ಲೇ ತಿರುಗಲಿ, ಈ ತಟ್ಟೆಯ ಅಂಚಿಗಿಂತ ಬಿಗಿಯಾಗಿ ತಿರುಗುವಂತಿಲ್ಲ.

ಸಂಜೆ ಮನೆಗೆ ಹೋಗಿ ನೀವೂ ಇದನ್ನು ಮಾಡಿ ನೋಡಬಹುದು. ಸ್ಟೇಷನ್ ನಮ್ಮೂರಿಗೆ ಬರಬೇಕು, ನಿಮ್ಮೂರಿಗೆ ಯಾಕೆ ಅನ್ನುವ ಜಗಳದಲ್ಲಿ ಅರ್ಧಕ್ಕರ್ಧ ಈ ತಟ್ಟೆಯಲ್ಲೇ ತೀರಿಹೋಗುತ್ತದೆ.

ಯಾಕೆ ಇಷ್ಟು ದೊಡ್ಡ ತಿರುವು? ವೇಗ ಎರಡರಷ್ಟಾದರೆ ಬೇಕಾಗುವ ತ್ರಿಜ್ಯ ನಾಲ್ಕರಷ್ಟಾಗುತ್ತದೆ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸುತ್ತಾರೆ. ಎಷ್ಟು ಎತ್ತರ ಅನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ: ವೇಗದ ವರ್ಗವನ್ನು 11.8ರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿ. ವೇಗ ಗಂಟೆಗೆ 320 ಕಿಲೋಮೀಟರ್, ತ್ರಿಜ್ಯ 6,000 ಮೀಟರ್ ಇಟ್ಟುಕೊಂಡರೆ 200 ಮಿಲಿಮೀಟರ್ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲನ್ನು ಹಳಿ ಎತ್ತರಿಸಿಯೇ ಕೊಡುತ್ತಾರೆ, ಉಳಿದಷ್ಟನ್ನು ಕೂತವರಿಗೆ ಸ್ವಲ್ಪ ಪಕ್ಕಕ್ಕೆ ವಾಲಿದಂತೆ ಆಗಲಿ ಅಂತ ಬಿಡುತ್ತಾರೆ. ಜಪಾನಿನ ಮೊದಲ ಶಿಂಕಾನ್ಸೆನ್, ಅಂದರೆ ಅಲ್ಲಿನ ಹೈಸ್ಪೀಡ್ ರೈಲು, 1964ರಲ್ಲಿ ಶುರುವಾದಾಗ ವೇಗ 210, ತಿರುವು 2,500 ಮೀಟರ್. ಲೆಕ್ಕ ಹಾಕಿ ನೋಡಿ, ಅಲ್ಲೂ ಹೆಚ್ಚುಕಡಿಮೆ 200 ಮಿಲಿಮೀಟರೇ. ಅದೇ 2,500 ಮೀಟರ್ ತಿರುವಿನಲ್ಲಿ 320ರಲ್ಲಿ ಓಡಿಸುತ್ತೇವೆ ಅಂದರೆ 480 ಮಿಲಿಮೀಟರ್ ಬೇಕು. ಅಷ್ಟು ಓರೆ ಹಳಿಯ ಮೇಲೆ ನಿಂತ ರೈಲಿನಲ್ಲಿ ಕಾಫಿ ಲೋಟ ಮೇಜಿನ ಮೇಲೆ ನಿಲ್ಲುವುದಿಲ್ಲ.

ಇನ್ನು ನಮ್ಮ ಮುಖಂಡರು ಹೇಳುವ ಆ ಮಾತು: "ಸ್ವಲ್ಪ ಈ ಕಡೆ ತಿರುಗಿಸಿ ಸ್ವಾಮಿ, ಐದೇ ಕಿಲೋಮೀಟರ್." ನೇರ ಹೋಗುತ್ತಿರುವ ಗೆರೆಯನ್ನು 5 ಕಿಲೋಮೀಟರ್ ಪಕ್ಕಕ್ಕೆ ಸರಿಸಬೇಕಾದರೆ ತಟ್ಟೆಯ ಅಂಚಿನ ಮೇಲೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಳಬೇಕು. ಅಷ್ಟಕ್ಕೇ ಸುಮಾರು 10 ಕಿಲೋಮೀಟರ್ ಉದ್ದ ಹಿಡಿಯುತ್ತದೆ. ಸ್ಟೇಷನ್ ದಾಟಿ ಮತ್ತೆ ಹಳೆಯ ಗೆರೆಗೆ ಬರಲು ಇನ್ನೊಂದು 10. ನೇರ ಹಳಿಯಿಂದ ತಿರುವಿಗೆ ಮೆಲ್ಲಗೆ ಇಳಿಯುವ ಭಾಗವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಬೆಂಗಳೂರು ಕಡೆಯಿಂದ ಬರುವ ರೈಲು ಹಾಸನ ಪೇಟೆಗೆ ಬರಬೇಕೋ ಬೇಡವೋ ಅನ್ನುವುದು ಶಾಂತಿಗ್ರಾಮದ ಹೊತ್ತಿಗೇ ತೀರ್ಮಾನ ಆಗಿರುತ್ತದೆ, ಪೇಟೆ ಹತ್ತಿರ ಬಂದು ತೀರ್ಮಾನಿಸಲು ಆಗುವುದಿಲ್ಲ.

ತಿರುವಾಯಿತು, ಇನ್ನು ಸ್ಟೇಷನ್ನಿನ ಜಾಗ. ಹದಿನಾರು ಬೋಗಿಯ ರೈಲು 400 ಮೀಟರ್ ಉದ್ದ. ಪ್ಲಾಟ್‌ಫಾರ್ಮ್ ಅದಕ್ಕಿಂತ ತುಸು ಹೆಚ್ಚು. ನಿಲ್ಲದೆ ಹೋಗುವ ರೈಲಿಗೆ ನಡುವೆ ಎರಡು ಹಳಿ, ನಿಲ್ಲುವ ರೈಲಿಗೆ ಅಕ್ಕಪಕ್ಕ ಲೂಪ್. ಲೂಪಿಗೆ ಹೊರಳುವ ಕವಲು ಹಳಿಗಳೂ ಸೇರಿ ಒಂದರಿಂದ ಒಂದೂವರೆ ಕಿಲೋಮೀಟರ್ ನೇರವಾಗಿ, ಹೆಚ್ಚುಕಡಿಮೆ ಸಮತಟ್ಟಾಗಿ ಇರಬೇಕು. ಮಲೆನಾಡಿನ ಅಂಚಿನಲ್ಲಿ ಇಂಥ ಜಾಗ ಎಷ್ಟಿವೆ? ಈ ನಕ್ಷೆಯಲ್ಲಿ ಸಕಲೇಶಪುರದ ಕಡೆಗೆ ಸಮೋನ್ನತ ರೇಖೆಗಳು ಹೇಗೆ ಒತ್ತೊತ್ತಾಗಿವೆ ನೋಡಿ. ಅಲ್ಲಿಂದಾಚೆ ಸುಬ್ರಹ್ಮಣ್ಯ ರೋಡ್‌ವರೆಗಿನ ಈಗಿನ ಹಳಿಗೆ 55 ಕಿಲೋಮೀಟರಿನಲ್ಲಿ 57 ಸುರಂಗ ಬೇಕಾದವು, ಇಳಿಜಾರು 50ಕ್ಕೆ 1.

ಇನ್ನೊಂದು ವಿಷಯ ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಮುಂಬೈ–ಅಹಮದಾಬಾದಿನ ಹಳಿ 1,435 ಮಿಲಿಮೀಟರ್ ಅಗಲದ್ದು. ನಮ್ಮ ಬ್ರಾಡ್‌ಗೇಜ್ 1,676. ಫ್ರಾನ್ಸಿನಲ್ಲಿ ಹೊಸ ಹಳಿ, ಹಳೆ ಹಳಿ ಎರಡರದ್ದೂ ಒಂದೇ ಗೇಜ್, ಹಾಗಾಗಿ ಹೈಸ್ಪೀಡ್ ರೈಲು ಊರ ಹತ್ತಿರ ಬಂದಾಗ ಹಳೆ ಹಳಿಗೆ ಇಳಿದು ನಿಧಾನವಾಗಿ ಹಳೆ ಸ್ಟೇಷನ್ನಿಗೇ ಹೋಗಿ ನಿಲ್ಲುತ್ತದೆ. ನಮ್ಮಲ್ಲಿ ಆ ದಾರಿ ಮುಚ್ಚಿದೆ. "ಹಾಸನ ಜಂಕ್ಷನ್ನಿಗೇ ತನ್ನಿ" ಅಂದರೆ ಜಂಕ್ಷನ್ ಪಕ್ಕದಲ್ಲೋ ಮೇಲೋ ಪೂರ್ತಿ ಹೊಸ ಹಳಿ ತನ್ನಿ ಅಂತಲೇ ಅರ್ಥ. ಅಹಮದಾಬಾದಿನಲ್ಲಿ ಹಾಗೇ ಮಾಡಿದ್ದಾರೆ, ಹಳೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್‌ಗಳ ನೆತ್ತಿಯ ಮೇಲೇ ಹೊಸ ಸ್ಟೇಷನ್. ಸೂರತ್ತಿನಲ್ಲಿ ಊರ ಹೊರಗಿನ ಅಂತ್ರೋಲಿಯಲ್ಲಿ ಕಟ್ಟಿದರು. ಒಂದೇ ಯೋಜನೆಯಲ್ಲೇ ಎರಡೂ ಬಗೆಯ ಉತ್ತರ ಇದೆ.

ಚೆನ್ನೈ–ಬೆಂಗಳೂರು–ಮೈಸೂರು ಮಾರ್ಗಕ್ಕೆ 435 ಕಿಲೋಮೀಟರಿನ ಯೋಜನೆ ಮಾಡಿದಾಗ ಬೆಂಗಳೂರಿನಿಂದ ಈಚೆಗೆ ಚನ್ನಪಟ್ಟಣ, ಮಂಡ್ಯ, ಮೈಸೂರು ಅಂತ ಹೆಸರು ಬಂದವು. "ಮೈಸೂರಿಗಾದರೆ ಹಾಸನಕ್ಕೇನು ರೋಗ" ಅನ್ನುವ ಮಾತು ಅಲ್ಲಿಂದಲೇ ಹುಟ್ಟುವುದು. ಅದು ಹುಟ್ಟಿದ ಮರುದಿನವೇ ತಾಲ್ಲೂಕಿಗೊಂದು ಬೇಡಿಕೆ ಹುಟ್ಟುತ್ತದೆ: ಚನ್ನರಾಯಪಟ್ಟಣಕ್ಕೊಂದು, ಅರಸೀಕೆರೆಗೊಂದು, ಹೊಳೆನರಸೀಪುರಕ್ಕೊಂದು. ಅದಕ್ಕೆ ಈ ಲೆಕ್ಕ ಹೇಳಿ. ಗಂಟೆಗೆ 320ರಲ್ಲಿ ಬರುವ ರೈಲು ಪ್ರಯಾಣಿಕರಿಗೆ ತ್ರಾಸವಾಗದಂತೆ ಬ್ರೇಕ್ ಹಾಕಿ ನಿಲ್ಲಲು ಸುಮಾರು ಆರೂವರೆ ಕಿಲೋಮೀಟರ್ ಬೇಕು. ಮತ್ತೆ ಆ ವೇಗ ಹಿಡಿಯಲು ಸುಮಾರು 13. ಒಂದು ಸ್ಟೇಷನ್ ಬಿಟ್ಟು ಪೂರ್ತಿ ವೇಗ ಮುಟ್ಟಿದ ಕ್ಷಣದಲ್ಲೇ ಮುಂದಿನದಕ್ಕೆ ಬ್ರೇಕ್ ಒತ್ತಿದರೂ ಎರಡರ ನಡುವೆ 20 ಕಿಲೋಮೀಟರ್ ಆಗಿಬಿಟ್ಟಿತು! ಒಂದೂವರೆ ನಿಮಿಷ ನಿಂತರೂ ಒಂದು ನಿಲುಗಡೆಗೆ ಒಟ್ಟು ಐದು ನಿಮಿಷ ಹೋಯಿತು. ಬೆಂಗಳೂರಿನಿಂದ ಹಾಸನಕ್ಕೆ 180 ಕಿಲೋಮೀಟರ್ ಹಿಡಿದರೆ, ಸರಾಸರಿ 250ರಂತೆ 43 ನಿಮಿಷ. ನಡುವೆ ನಾಲ್ಕು ಕಡೆ ನಿಲ್ಲಿಸಿ, 63 ನಿಮಿಷ ಆಗುತ್ತದೆ. ಜರ್ಮನಿಯಲ್ಲಿ ಕಲೋನ್‌–ಫ್ರಾಂಕ್‌ಫರ್ಟ್ ನಡುವಿನ ಮಾರ್ಗ 2002ರಲ್ಲಿ ಶುರುವಾದಾಗ ಲಿಂಬುರ್ಗ್, ಮೊಂಟಬೌರ್ ಅಂತ ಎರಡು ಸಣ್ಣ ಊರುಗಳಿಗೂ ಸ್ಟೇಷನ್ ಸಿಕ್ಕಿತು. ಎರಡಕ್ಕೂ ಅಂತರ ಸುಮಾರು 20 ಕಿಲೋಮೀಟರ್, ಬೇರೆ ಬೇರೆ ರಾಜ್ಯದ ಊರುಗಳು. ಆ ರಾಜ್ಯಕ್ಕೊಂದು, ಈ ರಾಜ್ಯಕ್ಕೊಂದು. ಇದು ಬರೀ ನಮ್ಮ ಕಾಯಿಲೆ ಅಲ್ಲ.

ಈಗ ಬೇಲೂರಿನ ವಿಚಾರಕ್ಕೆ ಬರೋಣ. ಸಭೆಯಲ್ಲಿ ಯಾರಾದರೂ ಹಿರಿಯರು ಎದ್ದು ನಿಂತು, "ಹಾಸನಕ್ಕೂ ಬೇಡ, ಚಿಕ್ಕಮಗಳೂರಿಗೂ ಬೇಡ, ನಡುವೆ ಬೇಲೂರಿನ ಹತ್ತಿರ ಇಡಿ, ಎರಡೂ ಜಿಲ್ಲೆಗೆ ಆಯಿತಲ್ಲ" ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯಲ್ಲಿ 17.76 ಲಕ್ಷ, ಚಿಕ್ಕಮಗಳೂರು ಜಿಲ್ಲೆಯಲ್ಲಿ 11.38 ಲಕ್ಷ ಜನ. ಸೇರಿಸಿದರೆ 29 ಲಕ್ಷ, ಕಾಗದದ ಮೇಲೆ ದೊಡ್ಡ ಸ್ಟೇಷನ್. ಆದರೆ ಬೇಲೂರಿಗೆ ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 25. ಬೆಂಗಳೂರಿಗೆ ಹೋಗಬೇಕಾದ ಹಾಸನದವರು ಮೊದಲು ಒಂದು ಗಂಟೆ ಬೆಂಗಳೂರಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ಹೋಗಬೇಕು. ಯಾರೂ ಹೋಗುವುದಿಲ್ಲ. ಬಿ.ಎಂ. ರಸ್ತೆಯಲ್ಲಿ ಬಸ್ ಹತ್ತುತ್ತಾರೆ.

ಈ ಪ್ರಯೋಗವನ್ನು ಫ್ರಾನ್ಸಿನವರು ಮಾಡಿ ಮುಗಿಸಿದ್ದಾರೆ. ಪ್ಯಾರಿಸ್ಸಿನಿಂದ ಉತ್ತರಕ್ಕೆ ಹೊಸ ಮಾರ್ಗ ಹಾಕುವಾಗ ಲೀಲ್ ಮತ್ತು ಅಮಿಯೆನ್ ಎರಡೂ ಊರು ಪಟ್ಟು ಹಿಡಿದವು. ಲೀಲ್‌ನ ಮೇಯರ್ ಪಿಯರ್ ಮೊರುವಾ, ಹಿಂದೆ ದೇಶದ ಪ್ರಧಾನಿಯಾಗಿದ್ದವರು. ಮಾರ್ಗ ಲೀಲ್ ಊರೊಳಗೇ ಬಂತು, ಸ್ಟೇಷನ್ ಸುತ್ತ ಹೊಸ ಪೇಟೆಯೇ ಎದ್ದಿತು. ಅಮಿಯೆನ್‌ಗೆ ಸಮಾಧಾನವೆಂದು ಅಮಿಯೆನ್ ಮತ್ತು ಸೇಂಟ್ ಕೆಂಟಾಂ ನಡುವಿನ ಹೊಲದಲ್ಲಿ, ಎರಡೂ ಊರಿನಿಂದ 30–40 ಕಿಲೋಮೀಟರ್ ದೂರಕ್ಕೆ, ಓತ್ ಪಿಕಾರ್ಡಿ ಅನ್ನುವ ಸ್ಟೇಷನ್ ಕಟ್ಟಿದರು. 1994ರಲ್ಲಿ ತೆರೆಯಿತು. ಅದರ ಸುತ್ತ ಇದ್ದದ್ದು ಬೀಟ್‌ರೂಟ್ ಹೊಲ. ಜನ ಅದಕ್ಕೆ ಬೀಟ್‌ರೂಟ್ ಸ್ಟೇಷನ್ ಅಂತಲೇ ಕರೆದರು, ಇವತ್ತಿಗೂ ಹಾಗೇ ಕರೆಯುತ್ತಾರೆ. ಹೊಲದ ನಡುವೆ ಇರುವುದು ಅದರ ದೊಡ್ಡ ದೋಷವಲ್ಲ. ಎರಡೂ ಊರಿನ ಹಳೆ ರೈಲುಮಾರ್ಗ ಆ ಸ್ಟೇಷನ್ನಿಗೆ ಬಂದು ಸೇರಲಿಲ್ಲ ನೋಡಿ, ಎಡವಟ್ಟು ಅಲ್ಲಿ. ಬಸ್ಸು, ಕಾರು ಬಿಟ್ಟರೆ ಗತಿಯಿಲ್ಲ.

ಬೇಲೂರಿಗೆ ನಮ್ಮದೇ ಒಂದು ತೊಡಕೂ ಸೇರುತ್ತದೆ. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ರೈಲಿನ ಗೆರೆಗೆ ಇಷ್ಟು ದೂರ ಬಿಡುವುದು ಕಷ್ಟವಲ್ಲ. ಆದರೆ ವಿಶ್ವ ಪರಂಪರೆಯ ತಾಣ ಅಂದಮೇಲೆ ಗೋಪುರದ ಹಿಂದೆ ಏನು ಕಾಣುತ್ತದೆ ಅನ್ನುವುದೂ ಪ್ರಶ್ನೆಯಾಗುತ್ತದೆ.

ಸ್ವಲ್ಪ ಪಕ್ಕಕ್ಕೆ ಹೋಗಿ ಒಂದು ಮಾತು. ಇದು ನಮಗೆ ಹೊಸದೇನಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ 19ನೇ ಶತಮಾನದ ಕೊನೆಯಲ್ಲಿ ಹಾಕಿದ ಹಳಿ ಕಡೂರು, ಬೀರೂರಿನ ಮೇಲೆ ಹೋಯಿತು. ಚಿಕ್ಕಮಗಳೂರು ಜಿಲ್ಲಾ ಕೇಂದ್ರವಾಗಿದ್ದೂ ಪಕ್ಕಕ್ಕೆ ಉಳಿಯಿತು. ನೂರು ವರ್ಷಕ್ಕೂ ಮಿಕ್ಕಿ ಆ ಊರಿನ ಜನ ಕಡೂರಿನಲ್ಲಿ ಇಳಿದು, ಟ್ರಂಕು ಹೊತ್ತು, ಬಸ್ಸಿಗೆ ಕಾದರು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ನಮ್ಮ ಬೆಂಗಳೂರು–ಹಾಸನ ನೇರ ಮಾರ್ಗ 1996–97ರಲ್ಲಿ ಮಂಜೂರಾಗಿ ಪೂರ್ತಿಯಾದದ್ದು 2017ರಲ್ಲಿ. ಒಮ್ಮೆ ತಪ್ಪಿದ ಕೊಂಡಿಯನ್ನು ಆಮೇಲೆ ಜೋಡಿಸುತ್ತೇವೆ ಅನ್ನುವವರಿಗೆ ಈ ಎರಡು ಲೆಕ್ಕ ನೆನಪಿಸಿ.

ಜಪಾನಿನಲ್ಲೂ ಅದೇ ಕಥೆ. ಗಿಫು ಅನ್ನುವ ಊರು ಶಿಂಕಾನ್ಸೆನ್ ಗೆರೆಯಿಂದ ಹೊರಗೆ ಉಳಿಯಿತು. ರಾಜಿ ಮಾಡಿ ಪಕ್ಕದ ಹಶಿಮಾ ಬಯಲಿನಲ್ಲಿ ಸ್ಟೇಷನ್ ಕೊಟ್ಟು ಗಿಫು-ಹಶಿಮಾ ಅಂತ ಹೆಸರಿಟ್ಟರು. ಸ್ಟೇಷನ್ ಎದುರಿಗೆ ಆ ಪ್ರಾಂತದ ರಾಜಕಾರಣಿ ಓನೊ ಬಾನ್‌ಬೊಕು ಮತ್ತು ಅವರ ಪತ್ನಿಯ ಪ್ರತಿಮೆ ಇದೆ. ಸ್ಟೇಷನ್ 1964ರಲ್ಲಿ ತೆರೆಯಿತು, ಅಲ್ಲಿಗೆ ಸ್ಥಳೀಯ ರೈಲಿನ ಕೊಂಡಿ ಬಂದದ್ದು 1982ರಲ್ಲಿ. ಪ್ರತಿಮೆಯಿದ್ದರೂ ಅತಿ ವೇಗದ ನೊಜೊಮಿ ರೈಲು ಅಲ್ಲಿ ನಿಲ್ಲದೆ ಹೋಗುತ್ತದೆ. ಅಂದಹಾಗೆ, ಸ್ಟೇಷನ್ ಹೆಸರಿನ ನಡುವೆ ಅಡ್ಡಗೆರೆ ಕಂಡರೆ ಅಲ್ಲೊಂದು ಜಗಳ ನಡೆದಿದೆ ಅಂತಲೇ ತಿಳಿಯಿರಿ.

ಊರ ಹೊರಗೆ ಸ್ಟೇಷನ್ ಬರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ತೈವಾನಿನಲ್ಲಿ 2007ರಲ್ಲಿ ಶುರುವಾದ ಮಾರ್ಗದಲ್ಲಿ ತೈಚುಂಗ್, ತೈನಾನ್ ಎರಡೂ ಊರಿಗೆ ಊರ ಹೊರಗೇ ಸ್ಟೇಷನ್. ತೈಚುಂಗ್‌ನಲ್ಲಿ ಹೊಸ ಹಳಿ ಹಳೆ ಹಳಿಯನ್ನು ಸಂಧಿಸುವ ಜಾಗ ಹಿಡಿದು, ಹಳೆ ಹಳಿಯ ಮೇಲೂ ಒಂದು ಸ್ಟೇಷನ್ನನ್ನು 2006ರಲ್ಲೇ ಕಟ್ಟಿಟ್ಟುಕೊಂಡರು. ಮೊದಲ ದಿನದಿಂದಲೇ ಈ ರೈಲು ಇಳಿದು ಆ ರೈಲು ಹತ್ತಬಹುದಿತ್ತು. ತೈನಾನ್‌ನಲ್ಲಿ ಆ ಕೊಂಡಿ ಇರಲಿಲ್ಲ. ಐದು ಕಿಲೋಮೀಟರಿನ ಸಣ್ಣ ಕವಲು ಹಳಿ ಹಾಕಿ ರೈಲು ಬಿಟ್ಟದ್ದು 2011ರಲ್ಲಿ. ದೇಶ ಒಂದೇ, ಮಾರ್ಗ ಒಂದೇ, ಎರಡು ಊರಿಗೂ ನಾಲ್ಕು ವರ್ಷದ ವ್ಯತ್ಯಾಸ.

ಹಾಗಾದರೆ ಹಾಸನದವರು ಏನು ಕೇಳಬೇಕು? ಜಾಗದ ಹೆಸರು ಹಿಡಿದು ಹೊಡೆದಾಡುವ ಬದಲು, ಸ್ಟೇಷನ್ ಎಲ್ಲಿ ಬಂದರೂ ಈಗಿನ ಬ್ರಾಡ್‌ಗೇಜ್ ಹಳಿಯ ಮೇಲೇ ಬರಲಿ ಅಂತ ಕೇಳಿ. ನಮ್ಮ ಅದೃಷ್ಟಕ್ಕೆ ಹಾಸನ ನಾಲ್ಕು ದಿಕ್ಕಿನ ಜಂಕ್ಷನ್: ಬೆಂಗಳೂರು, ಮೈಸೂರು, ಅರಸೀಕೆರೆ, ಮಂಗಳೂರು. ಯಾವ ಹಳಿಯ ಮೇಲೆ ಕೂರಿಸಿದರೂ ಉಳಿದ ಮೂರು ಕಡೆಯ ಜನಕ್ಕೆ ರೈಲಿನಲ್ಲೇ ಬರಲು ದಾರಿ ಇದೆ. ಅರಸೀಕೆರೆಯವರ ಸಿಟ್ಟು, ಹೊಳೆನರಸೀಪುರದವರ ಸಿಟ್ಟು ಎರಡಕ್ಕೂ ಇದೇ ಮದ್ದು.

ಒಂದು ಉದಾಹರಣೆ ಹಿಡಿಯೋಣ. ಶಾಂತಿಗ್ರಾಮದ ಕಡೆ, ರಾಷ್ಟ್ರೀಯ ಹೆದ್ದಾರಿ 75 ಮತ್ತು ಬೆಂಗಳೂರು ಹಳಿ ಎರಡೂ ಹತ್ತಿರವಿರುವಲ್ಲಿ ಸ್ಟೇಷನ್ ಬಂತು ಅಂದುಕೊಳ್ಳಿ. ಬೆಂಗಳೂರಿನಿಂದ 43 ನಿಮಿಷ. ಪ್ಲಾಟ್‌ಫಾರ್ಮಿನಿಂದ ಹೊರಗೆ ಬರಲು 8 ನಿಮಿಷ, ಬಸ್ಸಿಗೆ ಕಾಯಲು 15, ಪೇಟೆಗೆ 30. ಒಟ್ಟು 96 ನಿಮಿಷ. ಅದೇ ಒಂದು ಶಟಲ್ ರೈಲು ಕಾದು ನಿಂತಿದ್ದರೆ, ಬದಲಾಯಿಸಲು 8, ಪೇಟೆಗೆ 15, ಒಟ್ಟು 66 ನಿಮಿಷ. ಅರ್ಧ ಗಂಟೆ ಉಳಿಯಿತು. ಇದೇ ಅರ್ಧ ಗಂಟೆಯನ್ನು ಹಳಿಯ ವೇಗ ಹೆಚ್ಚಿಸಿ ಉಳಿಸಿ ಅಂದರೆ ಎಂಜಿನಿಯರುಗಳು ಕೈಮುಗಿಯುತ್ತಾರೆ. ಯಾಕೆಂದರೆ ಇಡೀ ಪ್ರಯಾಣವೇ 43 ನಿಮಿಷದ್ದು.

ಆದರೆ ಶಟಲ್ ಅನ್ನುವ ಮಾತಿನಲ್ಲಿ ಮೂರು ಗುಂಡಿಗಳಿವೆ. ಬೆಂಗಳೂರು–ಹಾಸನ ಹಳಿ ಒಂಟಿ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ಸೋ ಗೂಡ್ಸೋ ಬಂದರೆ ಕ್ರಾಸಿಂಗಿಗೆ ಅಂತ ಶಟಲನ್ನು ನಿಲ್ಲಿಸುತ್ತಾರೆ, ಹದಿನೈದು ನಿಮಿಷದ ದಾರಿ ನಲವತ್ತಾಗುತ್ತದೆ. ಹಾಗಾಗಿ ಸ್ಟೇಷನ್ನಿನಿಂದ ಜಂಕ್ಷನ್‌ವರೆಗೆ ಜೋಡಿ ಹಳಿ ಅದೇ ಯೋಜನೆಯ ಅಂದಾಜಿನಲ್ಲೇ ಸೇರಿರಬೇಕು, "ಮುಂದಿನ ಹಂತದಲ್ಲಿ" ಅಂದರೆ ಬಿಡಬೇಡಿ. ಎರಡನೆಯದು ಎತ್ತರ. ಹೈಸ್ಪೀಡ್ ಹಳಿ ಕಂಬಗಳ ಮೇಲೆ ಬಂದರೆ ಪ್ಲಾಟ್‌ಫಾರ್ಮ್ ಎರಡನೇ ಮಹಡಿಯಲ್ಲಿ, ಟಿಕೆಟ್ ಗೇಟು ಮೊದಲ ಮಹಡಿಯಲ್ಲಿ, ನಮ್ಮ ರೈಲು ನೆಲದ ಮೇಲೆ. ನಕ್ಷೆಯಲ್ಲಿ ಎರಡೂ ಅಂಟಿಕೊಂಡಂತೆ ಕಾಣುತ್ತವೆ. ನಡೆದು ನೋಡಿದರೆ 400 ಮೀಟರ್, ಎರಡು ಮೆಟ್ಟಿಲುಸಾಲು, ಒಂದು ಬ್ಯಾಗ್ ತಪಾಸಣೆ. ಮೂರನೆಯದು ವೇಳಾಪಟ್ಟಿ. ಎರಡು ಬೇರೆ ಸಂಸ್ಥೆಗಳು ಎರಡು ಬೇರೆ ವೇಳಾಪಟ್ಟಿ ಮಾಡಿದರೆ ಶಟಲ್ ಹೊರಟ ಐದು ನಿಮಿಷಕ್ಕೆ ಹೈಸ್ಪೀಡ್ ರೈಲು ಬಂದು ನಿಲ್ಲುತ್ತದೆ.

ಇನ್ನು ಜಮೀನು. ಸ್ಪೇನಿನ ಗ್ವಾದಲಹಾರಾ ಊರಿನ ಹೈಸ್ಪೀಡ್ ಸ್ಟೇಷನ್ 2003ರಲ್ಲಿ ಊರಿನಿಂದ ಹತ್ತಿರ ಹತ್ತಿರ 10 ಕಿಲೋಮೀಟರ್ ಆಚೆ ಯೆಬೆಸ್ ಗ್ರಾಮದಲ್ಲಿ ತೆರೆಯಿತು. ಪಕ್ಕದಲ್ಲೇ ಮೂವತ್ತು ಸಾವಿರ ಜನರಿಗೆ ಅಂತ ಬಡಾವಣೆ ಎದ್ದಿತು. 2008ರಲ್ಲಿ ಮನೆ ವ್ಯಾಪಾರ ಕುಸಿದು ಬಡಾವಣೆ ಅರ್ಧಕ್ಕೇ ನಿಂತಿತು. ಹೆದ್ದಾರಿ, ರಿಂಗ್ ರೋಡ್, ವಿಮಾನ ನಿಲ್ದಾಣ ಅಂತ ಹೆಸರು ಹೇಳಿ ಸೈಟು ಮಾರುವುದನ್ನು ನೋಡಿರುವ ಹಾಸನದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೊಲ ಕಳೆದುಕೊಳ್ಳುವವರಿಗೆ ಮಾತ್ರ ಒಂದಷ್ಟು ವಿವರವಾಗಿ ಹೇಳುತ್ತೇನೆ. ಕೇರಳದ ಸಿಲ್ವರ್‌ಲೈನ್ ಅನ್ನುವ ವೇಗದ ರೈಲಿನ ಯೋಜನೆಗೆ 2022ರಲ್ಲಿ ನೆಟ್ಟ ಹಳದಿ ಸರ್ವೆ ಕಲ್ಲುಗಳನ್ನು ಜನ ಕಿತ್ತೆಸೆದದ್ದು ನೀವು ಟಿವಿಯಲ್ಲಿ ನೋಡಿದ್ದೀರಿ. ಕಲ್ಲು ಕೀಳುವುದರಿಂದ ಸುದ್ದಿಯಾಗುತ್ತದೆ, ಹಕ್ಕು ಉಳಿಯುವುದು ಮಾತ್ರ ಅರ್ಜಿಯಿಂದ. ಅಧಿಸೂಚನೆ ಬಂದರೆ ಮೊದಲ ಸಾಲಿನಲ್ಲೇ ಯಾವ ಕಾಯ್ದೆ ಅಂತ ನೋಡಿ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನ ಅಧಿಸೂಚನೆಯಾದರೆ ಆಕ್ಷೇಪಣೆಗೆ 60 ದಿನ. ರೈಲ್ವೆ ಕಾಯ್ದೆಯ 20ಎ ಅಧಿಸೂಚನೆಯಾದರೆ 30 ದಿನ ಮಾತ್ರ. ಅರವತ್ತು ದಿನ ಇದೆ ಅಂತ ಕೂತವರಿಗೆ ಮೂವತ್ತೊಂದನೇ ದಿನ ಬಾಗಿಲು ಮುಚ್ಚಿರುತ್ತದೆ.

ಪರಿಹಾರದ ಲೆಕ್ಕ ಹೀಗೆ. ಎಕರೆಗೆ ಮಾರುಕಟ್ಟೆ ಬೆಲೆ 10 ಲಕ್ಷ ಅಂತ ನಿಗದಿಯಾಯಿತು ಅನ್ನಿ. ಹಳ್ಳಿ ಜಮೀನಿಗೆ 1ರಿಂದ 2ರವರೆಗೆ ಒಂದು ಗುಣಕ ಇರುತ್ತದೆ. ಉದಾಹರಣೆಗೆ 1.5 ಹಿಡಿದರೆ 15 ಲಕ್ಷ. ತೆಂಗಿನ ಮರ, ಬೋರ್‌ವೆಲ್, ಮನೆ ಎಲ್ಲಾ ಸೇರಿ 5 ಲಕ್ಷ. ಒಟ್ಟು 20. ಇದಕ್ಕೆ ಇಷ್ಟೇ ಮೊತ್ತ, ಅಂದರೆ ನೂರಕ್ಕೆ ನೂರು, ಸೊಲೇಷಿಯಂ: ಒತ್ತಾಯದಿಂದ ಜಮೀನು ತೆಗೆದುಕೊಂಡದ್ದಕ್ಕೆ ಕೊಡುವ ಹೆಚ್ಚುವರಿ ಹಣ. 40 ಲಕ್ಷ ಆಯಿತು. ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ. ಎಲ್ಲವೂ ಆ ಮೊದಲ 10 ಲಕ್ಷದ ಮೇಲೆ ನಿಂತಿದೆ ಅನ್ನುವುದನ್ನು ಗಮನಿಸಿ. ಅದು ಬರುವುದು ಎಲ್ಲಿಂದ? ಸುತ್ತಮುತ್ತ ಹಿಂದಿನ ಮೂರು ವರ್ಷದಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದುಕೊಂಡು ಸರಾಸರಿ ಹಾಕುತ್ತಾರೆ, ಮಾರ್ಗಸೂಚಿ ದರಕ್ಕೆ ಹೋಲಿಸುತ್ತಾರೆ. ಮೂವತ್ತು ಲಕ್ಷಕ್ಕೆ ಕೊಂಡು, ಸ್ಟಾಂಪ್ ಶುಲ್ಕ ಉಳಿಸಲು ಎಂಟು ಲಕ್ಷ ಅಂತ ಬರೆಸುವವರು ತಮ್ಮ ಪಕ್ಕದ ಹೊಲದವರ ಪರಿಹಾರಕ್ಕೂ ಕತ್ತರಿ ಹಾಕುತ್ತಿದ್ದಾರೆ.

ಆಮೇಲೆ ಪಹಣಿ. ತಾತನ ಹೆಸರಿನಲ್ಲೇ ಇರುವ ಪಹಣಿ, ಆಗದ ಪೌತಿ ಖಾತೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಪೋಡಿ ಮಾಡಿಸದ ಹಿಸ್ಸೆ. ಪರಿಹಾರ ಘೋಷಣೆಯಾದ ಮೇಲೆ ಯಾರಿಗೆ ಎಷ್ಟು ಅಂತ ತಕರಾರು ಎದ್ದರೆ ಹಣವನ್ನು ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿ ಇಡುತ್ತಾರೆ. ಹೊಲದ ಮೇಲೆ ಕಂಬ ಎದ್ದಿರುತ್ತದೆ, ದುಡ್ಡು ಬಂದಿರುವುದಿಲ್ಲ. ರೈಲು ಬರಲಿ, ಬಾರದಿರಲಿ, ಪೌತಿ ಖಾತೆಯನ್ನು ಈಗಲೇ ಮಾಡಿಸಿಕೊಳ್ಳಿ. ಜಂಟಿ ಅಳತೆಗೆ ಸರ್ವೆಯವರು ಬಂದ ದಿನ ಮನೆಯವರೊಬ್ಬರು ಹೊಲದಲ್ಲೇ ಇರಬೇಕು. ಮರಗಳನ್ನು ಜಾತಿ, ವಯಸ್ಸು ಸಮೇತ ಎಣಿಸಿ ಬರೆಸಿ, ಫಸಲು ಕೊಡುವ ತೆಂಗಿಗೂ ಸಸಿಗೂ ಬೆಲೆ ಬೇರೆ. ಪೈಪ್‌ಲೈನ್, ಹನಿ ನೀರಾವರಿ ಕೊಳವೆ ಮಣ್ಣಿನೊಳಗಿರುವುದರಿಂದ ನಾವೇ ತೋರಿಸದಿದ್ದರೆ ಪಟ್ಟಿಗೆ ಬರುವುದಿಲ್ಲ.

ಹಳಿ ಕಂಬದ ಮೇಲೋ, ಮಣ್ಣಿನ ಏರಿಯ ಮೇಲೋ ಅನ್ನುವುದನ್ನೂ ಕೇಳಿ. ಕಂಬದ ಮೇಲಾದರೆ ಗುಜರಾತಿನಂತೆ ಸುಮಾರು 17.5 ಮೀಟರ್ ಅಗಲ ಸಾಕು, ಎತ್ತಿನಗಾಡಿ, ಟ್ರ್ಯಾಕ್ಟರು ಕೆಳಗೆ ಓಡಾಡುತ್ತವೆ. ಮಣ್ಣಿನ ಏರಿಯಾದರೆ ಬುಡ ಅಗಲವಾಗುತ್ತದೆ, ಹೊಲ ಎರಡು ಹೋಳಾಗುತ್ತದೆ, ಕೆರೆಗೆ ಹರಿದು ಬರುವ ಮಳೆನೀರಿಗೆ ಅಡ್ಡ ಕಟ್ಟೆ ಹಾಕಿದಂತಾಗುತ್ತದೆ. ಮೋರಿ ಎಲ್ಲಿ, ಎಷ್ಟು ಅಗಲ ಅನ್ನುವುದನ್ನು ಆಕ್ಷೇಪಣೆಯಲ್ಲಿ ಸರ್ವೆ ನಂಬರ್ ಸಮೇತ ಬರೆಯಿರಿ. "ರೈತರಿಗೆ ತೊಂದರೆಯಾಗುತ್ತದೆ" ಅಂತ ಬರೆದ ಸಾವಿರ ಅರ್ಜಿಗೂ ಒಂದೇ ಸಾಲಿನ ಉತ್ತರ ಬರುತ್ತದೆ. "ಇಂಥ ಸರ್ವೆ ನಂಬರಿನ ಹಳ್ಳದ ನೀರು ಇಂಥ ಕೆರೆಗೆ ಹೋಗುತ್ತದೆ, ಇಲ್ಲಿ ಇಷ್ಟು ಮೀಟರ್ ಮೋರಿ ಬೇಕು" ಅಂದರೆ ಅದಕ್ಕೆ ಪ್ರತ್ಯೇಕವಾಗಿ ಉತ್ತರ ಕೊಡಲೇಬೇಕಾಗುತ್ತದೆ.

ಕೊನೆಗೆ, ಸ್ಟೇಷನ್ ಸಿಕ್ಕಿದ ಮಾತ್ರಕ್ಕೆ ರೈಲು ಸಿಕ್ಕಿತು ಅಂತ ಅಲ್ಲ. ದಿನಕ್ಕೆ ಎಷ್ಟು ರೈಲು ಹಾದುಹೋಗುತ್ತವೆ, ಅದರಲ್ಲಿ ಎಷ್ಟು ನಿಲ್ಲುತ್ತವೆ ಅನ್ನುವ ಎರಡು ಅಂಕಿಯನ್ನು ಶಿಲಾನ್ಯಾಸಕ್ಕೆ ಮೊದಲು ಕೇಳಿ, ಬರಹದಲ್ಲಿ ಕೇಳಿ. ಬೆಂಗಳೂರಿನಿಂದ ಕೊನೆಯ ರೈಲು ರಾತ್ರಿ ಎಷ್ಟಕ್ಕೆ ಬರುತ್ತದೆ, ಅದು ಬಂದ ಮೇಲೆ ಪೇಟೆಗೆ ಶಟಲ್ಲೋ ಬಸ್ಸೋ ಇದೆಯೇ ಅಂತಲೂ ಕೇಳಿ. ಸ್ಟೇಷನ್ ಸಿಗದ ತಾಲ್ಲೂಕಿನವರು ಸಿಟ್ಟಾಗಿ ಎದ್ದು ಹೋಗುವ ಬದಲು ಇನ್ನೊಂದನ್ನು ಬರೆಸಿಕೊಳ್ಳಲಿ. ತೈವಾನಿನಲ್ಲಿ ಮಾರ್ಗ ಶುರುವಾಗಿ ಎಂಟು ವರ್ಷದ ಮೇಲೆ, 2015ರಲ್ಲಿ, ನಡುವಿನ ಮೂರು ಊರುಗಳಿಗೆ ಸ್ಟೇಷನ್ ಬಂತು. ಹಳಿ ನೇರವಾಗಿ, ಸಮತಟ್ಟಾಗಿ ಇರುವ ಕಡೆಯಲ್ಲಾದರೆ ಮಾತ್ರ ಹೀಗೆ ಆಮೇಲೆ ಸೇರಿಸಲು ಆಗುತ್ತದೆ. ತಿರುವಿನಲ್ಲೋ ಏರಿನಲ್ಲೋ ಇದ್ದರೆ ಎಷ್ಟು ದುಡ್ಡು ಸುರಿದರೂ ಕಷ್ಟ. ಹಾಗಾಗಿ ಚನ್ನರಾಯಪಟ್ಟಣದವರು "ನಮ್ಮ ತಾಲ್ಲೂಕಿನಲ್ಲಿ ಒಂದೂವರೆ ಕಿಲೋಮೀಟರ್ ಹಳಿ ನೇರವಾಗಿ, ಸಮತಟ್ಟಾಗಿ ಇರಲಿ, ಪಕ್ಕದಲ್ಲಿ ಎರಡು ಲೂಪಿಗಾಗುವಷ್ಟು ಜಾಗ ಬಿಟ್ಟಿರಿ" ಅಂತ ಈಗಲೇ ಅರ್ಜಿ ಕೊಡಬಹುದು. ಸರ್ವೆ ನಂಬರ್ ಹಾಕುವುದನ್ನು ಮರೆಯಬೇಡಿ.